ಮೊದಲ ಗಿರಾಕಿ

ಮಳೆ ನಿಂತುಹೋಗಿತ್ತು. ಎಚ್ಚರವಾದ ಕೂಡಲೇ ಮೋಹನ್‌ಕುಮಾರನಿಗೆ ಬೇಸರ ತರಿಸಿದ್ದು ಇದೇ. ಮಲಗಿದ್ದಲ್ಲಿಂದಲೇ ಕಿವಿಗೊಟ್ಟು ಕೇಳಿದ; ಕೊಟ್ಟಿಗೆಯ ಶೀಟಿನ ಮೇಲೆ ಒಂದು ಹನಿಯ ಸದ್ದೂ ಇಲ್ಲ. ಮೊನ್ನೆ ರಾತ್ರಿ ಕೃತ್ತಿಕೆ ಮಳೆ ಚೆನ್ನಾಗಿ ಹೊಡೆದು, ನಿನ್ನೆ ಹಗಲೆಲ್ಲ ತುಂತುರು ಉದುರಿಸುತ್ತಿತ್ತು. ಇನ್ನೊಂದು ದಿನ ಹೀಗೇ ಉದುರಿದ್ದರೆ ಯಾರ ಹೊಲಕ್ಕೂ ಟ್ರ್ಯಾಕ್ಟರ್ ಇಳಿಸುವಂತಿರಲಿಲ್ಲ, ತಾನು ರಂಗಯ್ಯನಿಗೆ ಕೊಟ್ಟ ಮಾತೂ ತಾನಾಗಿಯೇ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು. ಈಗ ಕಿಟಕಿಯಲ್ಲಿ ಎಳೆಬಿಸಿಲು ಕಾಣಿಸುತ್ತಿದೆ. ಈ ಹೊತ್ತಿಗೆ ಊರಿನ ಗಂಡಸರೆಲ್ಲ ಬದುವಿನ ಮೇಲೆ ನಿಂತು ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡುತ್ತಿರುತ್ತಾರೆ. ಉಂಡೆಯಾಗಬೇಕು, ಕೈಗೆ ಅಂಟಬಾರದು. ಹಾಗಿದ್ದರೆ ಹದ ಬಂದಿದೆ ಎಂದು ಅರ್ಥ. ಈ ಕೆಂಪು ನೆಲದಲ್ಲಿ ಹದ ನಿಲ್ಲುವುದು ಒಂದೆರಡು ದಿನ ಅಷ್ಟೆ, ಆಮೇಲೆ ಬಿಸಿಲು ಹೀರಿಕೊಂಡು ಹೊಲ ಗಟ್ಟಿಯಾಗುತ್ತದೆ. ಊರಿಗೆಲ್ಲ ಬೇಕಾದ ಬಿಸಿಲು ತನಗೊಬ್ಬನಿಗೆ ಬೇಡವಾಗಿದೆ ಎಂಬುದನ್ನು ಗಮನಿಸಿ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಎದ್ದು ಹೊರಗೆ ಬರಲು ಮನಸ್ಸಾಗಲಿಲ್ಲ. ಹೆಂಡತಿ ಅನುಶ್ರೀ ಆಗಲೇ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿಯಾಗಿತ್ತು. ಅಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಇವತ್ತು ರಂಗಯ್ಯಂದು ತಾನೆ?" ಎಂದು ಕೇಳಿದ್ದಳು. ಅವನು ನಿದ್ದೆಯಲ್ಲಿದ್ದವನ ಹಾಗೆ ಹೂಂಗುಟ್ಟಿದ್ದ.

ಹೊಳೆನರಸೀಪುರದ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಅತಿಥಿ ಉಪನ್ಯಾಸಕನಾಗಿ ಕಾಮರ್ಸ್ ಪಾಠ ಮಾಡಿದವನು ಅವನು. ಕೊನೆಗೊಂದು ದಿನ ಕಾಯಂ ಆದವರು ವರ್ಗವಾಗಿ ಬಂದರು, ಅತಿಥಿ ಎದ್ದು ಬಂದ. ಯಾರದ್ದೂ ತಪ್ಪಿಲ್ಲ, ಆದೇಶದಲ್ಲೇ ಹಾಗಿತ್ತು. ಆದರೆ ಬ್ಯಾಗು ಹಿಡಿದು ಅರಕಲಗೂಡಿನ ಬಸ್ಸು ಹತ್ತಿದಾಗ ಕಂಡಕ್ಟರು ಎಂದಿನಂತೆ ನಮಸ್ಕಾರ ಸಾ ಅಂದಿದ್ದು ಅವನ ಹೊಟ್ಟೆಯಲ್ಲಿ ಇವತ್ತಿಗೂ ಕೂತಿದೆ. ಊರಿಗೆ ಬಂದ ಮೇಲೆ ಮಾಡಲು ಕೆಲಸವೇನೂ ಇರಲಿಲ್ಲ ಅಂತಲ್ಲ. ಹೊಲವಿತ್ತು, ಹೊಗೆಸೊಪ್ಪು ಇತ್ತು, ಅದನ್ನೆಲ್ಲ ನೋಡಿಕೊಳ್ಳುವ ಅಣ್ಣ ದೇವರಾಜು ಇದ್ದ. ಅಣ್ಣ ಇದ್ದ ಅನ್ನುವುದೇ ತೊಂದರೆಯಾಗಿತ್ತು. ಅಲ್ಲಿ ಇವನು ಏನು ಮಾಡಿದರೂ ಸಹಾಯ ಮಾಡಿದಂತೆ ಆಗುತ್ತಿತ್ತೇ ಹೊರತು ಕೆಲಸ ಮಾಡಿದಂತೆ ಆಗುತ್ತಿರಲಿಲ್ಲ. ಆಗ ಚನ್ನರಾಯಪಟ್ಟಣದಿಂದ ರಜನೀಶ ಫೋನು ಮಾಡಿದ. ಅವನೂ ಇವನ ಜೊತೆ ಅತಿಥಿಯಾಗಿದ್ದವನೇ, ಈಗ ಎಣ್ಣೆ ಗಾಣ ಹಾಕಿಕೊಂಡಿದ್ದಾನೆ. "ಒಂದು ಕೋರ್ಸಿದೆ ಸಾರ್, ಲೀನ್ ಸ್ಟಾರ್ಟ್‌ಅಪ್ ಅಂತ, ಸಣ್ಣದಾಗಿ ವ್ಯಾಪಾರ ಶುರು ಮಾಡೋದು. ನಾಲ್ಕು ವಾರ, ಫೋನಲ್ಲೇ ನೋಡ್ಬೋದು. ಸುಮ್ನೆ ಕೂತ್ಕಳೋ ಬದ್ಲು ಮಾಡಿ" ಎಂದು ಲಿಂಕು ಕಳಿಸಿದ. ಸುಮ್ಮನೆ ಕೂತಿದ್ದೇನೆ ಅನ್ನುವುದು ಚನ್ನರಾಯಪಟ್ಟಣದವರೆಗೂ ಗೊತ್ತಾಗಿದೆಯಲ್ಲ ಎಂದು ಮೋಹನ್‌ಕುಮಾರ್ ಒಂದು ದಿನ ಮುನಿಸಿಕೊಂಡ. ಮಾರನೆಯ ದಿನ ಸೇರಿದ.

ಕೋರ್ಸಿನ ವಿಡಿಯೋದಲ್ಲಿ ಬಿಳಿ ಗೋಡೆಯ ಮುಂದೆ ಕೂತು ಇಂಗ್ಲಿಷಿನಲ್ಲಿ ಪಾಠ ಹೇಳುವ ಹುಡುಗಿಗೆ ಅವನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಮೊದಮೊದಲು ಅವಳ ನಗುವನ್ನೇ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಆಮೇಲೆ, ಯಾವಾಗಿನಿಂದಲೋ, ಅವಳು ಹೇಳುತ್ತಿರುವುದು ತನಗೇ ಅನ್ನಿಸತೊಡಗಿತು. ದೊಡ್ಡದಾಗಿ ಕಟ್ಟಿ ಆಮೇಲೆ ಗಿರಾಕಿ ಹುಡುಕಬೇಡಿ, ಅನ್ನುತ್ತಿದ್ದಳು ಅವಳು. ಮೊದಲು ಜನರ ಕಷ್ಟ ಏನೆಂದು ಕೇಳಿ. ಕೈಯಲ್ಲಿರುವುದರಲ್ಲೇ ಚಿಕ್ಕದಾಗಿ ಒಂದು ಮಾಡಿ ನೋಡಿ. ಒಬ್ಬನೇ ಒಬ್ಬ ಗಿರಾಕಿ ಸಾಕು, ಅವನಿಂದ ಕಲಿಯಿರಿ. ತಪ್ಪಿದರೆ ಬೇಗ ತಪ್ಪಿ, ತಿದ್ದಿಕೊಳ್ಳಿ. ನಲವತ್ತು ದಾಟಿದ ಮೇಲೆ ತಪ್ಪಿದರೂ ಪರವಾಗಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಜಗಲಿಯ ಮೂಲೆಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತು ಅದನ್ನು ಹಿಂದಕ್ಕೆ ಎಳೆದು ಎರಡೆರಡು ಸಲ ಕೇಳಿದ್ದುಂಟು. ಒಳಗಿನಿಂದ ಅವ್ವ ದೊಡ್ಡತಾಯಮ್ಮ, "ಏನಪ್ಪಾ ಮೋಹನ, ಇನ್ನೂವೆ ಪರೀಕ್ಸೆಗೆ ಓದ್ತಿದ್ದೀಯಾ?" ಎಂದು ಕೇಳುತ್ತಿದ್ದಳು. ಗೇಲಿ ಅಲ್ಲ ಅದು, ನಿಜವಾಗಿಯೇ ಕೇಳುತ್ತಿದ್ದಳು.

ಜನರ ಕಷ್ಟ ಎಂದು ಅವನಿಗೆ ಹೊಳೆದದ್ದು ಟ್ರ್ಯಾಕ್ಟರಿನದು. ಊರಿನಲ್ಲಿ ಎತ್ತು ಕಟ್ಟುವವರು ಮುಗಿದುಹೋಗಿದ್ದಾರೆ. ಹದ ಬಂದ ದಿನ ಎಲ್ಲರಿಗೂ ಟ್ರ್ಯಾಕ್ಟರೇ ಬೇಕು, ಅದೂ ಅವತ್ತೇ ಬೇಕು. ಇರುವ ಟ್ರ್ಯಾಕ್ಟರುಗಳು ಮೊದಲು ಮಾಲೀಕರ ಹೊಲ ಉಳುತ್ತವೆ, ಆಮೇಲೆ ಅವರ ನಂಟರದು, ಆಮೇಲೆ ಅವರಿಗೆ ಬೇಕಾದವರದು. ಕೆಳಗೇರಿಯವರ ಹೊಲಕ್ಕೆ ಬರುವ ಹೊತ್ತಿಗೆ ನೆಲ ಗಟ್ಟಿಯಾಗಿ ಹೆಂಟೆ ಏಳುತ್ತಿರುತ್ತದೆ. ಮೊದಲು ಹೇಳಿದವರಿಗೆ ಮೊದಲು ಅಂತ ಫೋನಿನಲ್ಲೇ ಸರದಿ ಹಚ್ಚಿದರೆ? ಮನೆಯ ಟ್ರ್ಯಾಕ್ಟರಿನಿಂದಲೇ ಶುರು ಮಾಡಿ, ನಡೆದರೆ ಹೋಬಳಿಯ ಟ್ರ್ಯಾಕ್ಟರುಗಳನ್ನೆಲ್ಲ ಸೇರಿಸಿಕೊಂಡರೆ? ಇದನ್ನು ಬರೆದು ಕಳಿಸಿದ ದಿನ ಕೋರ್ಸಿನ ಬೇರೆ ಬೇರೆ ಊರಿನ ಜನ ಹೆಬ್ಬೆರಳು ಎತ್ತಿ ತೋರಿಸಿದ್ದರು. ಅವರಲ್ಲಿ ಯಾರೂ ಹದ ಅಂದರೇನು ಎಂದು ಕೇಳಿರಲಿಲ್ಲ.

ಅಪರಿಚಿತರನ್ನು ಮಾತಾಡಿಸಿ ಎಂದು ಹುಡುಗಿ ಹೇಳಿದ್ದಳು. ಮೋಹನ್‌ಕುಮಾರನಿಗೆ ಇಡೀ ಹೋಬಳಿಯಲ್ಲಿ ಒಬ್ಬ ಅಪರಿಚಿತನೂ ಸಿಗಲಿಲ್ಲ. ಅರಕಲಗೂಡಿನ ಬಸ್ ಸ್ಟ್ಯಾಂಡಿಗೆ ಹೋಗಿ, ಶುಂಠಿ ಮೂಟೆಯ ಮೇಲೆ ಕೂತಿದ್ದ ಗುರುತಿಲ್ಲದ ಮುದುಕನೊಬ್ಬನ ಪಕ್ಕ ಕೂತು ಮಾತು ತೆಗೆದರೆ, ಅವನು ಎರಡನೇ ಮಾತಿಗೇ, "ನೀವು ದೇವರಾಜಪ್ಪನ ತಮ್ಮ ಅಲ್ವರಾ?" ಅಂದ. ಅಲ್ಲಿಂದ ಮುಂದೆ ಮುದುಕ ಹೇಳಿದ್ದೆಲ್ಲ ದೇವರಾಜಪ್ಪನ ತಮ್ಮನಿಗೆ ಹೇಳಬೇಕಾದ ಮಾತುಗಳು. ಕೊನೆಗೆ ಅವನು ಹೋದದ್ದು ರಂಗಯ್ಯನ ಮನೆಗೆ. ರಂಗಯ್ಯನ ಅಪ್ಪ ಇವರ ಮನೆಯ ಹೊಲದಲ್ಲೇ ದುಡಿದು ತೀರಿಕೊಂಡವನು. ರಂಗಯ್ಯನಿಗೆ ಈಗ ತನ್ನದೇ ಒಂದು ತುಂಡು ಹೊಲವಿದೆ, ಜೋಳ ಹಾಕುತ್ತಾನೆ. ಮೋಹನ್‌ಕುಮಾರ್ ಹುಟ್ಟಿದಂದಿನಿಂದ ಆ ಮನುಷ್ಯನನ್ನು ಬಾರೋ ಹೋಗೋ ಎಂದೇ ಮಾತಾಡಿಸಿದ್ದ. ದೊಡ್ಡವನಾದ ಮೇಲೆ ಅದು ಬಾ, ಹೋಗು ಆಗಿತ್ತು. ಅವತ್ತು, ಗಿರಾಕಿ ಎಂಬ ಮರ್ಯಾದೆಗೆ, "ನೀವು ಕೂತ್ಕಳಿ ರಂಗಯ್ಯ" ಅಂದ. ರಂಗಯ್ಯ ತನ್ನ ಹಿಂದೆ ಇನ್ಯಾರು ಬಂದರು ಎಂದು ತಿರುಗಿ ನೋಡಿದ.

ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ರಂಗಯ್ಯನ ಹೆಂಡತಿ ಬೆಳ್ಳಮ್ಮ ಒಳಗೆ ಹೋಗುವುದೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದಳು. ಬಿಸಿಲಿಗೆ ನಡೆದು ಬಂದವನ ಬಾಯಿ ಒಣಗಿತ್ತು. ನೀರು ಕೊಡಿ ಎಂದು ಬಾಯಿಬಿಡುವಷ್ಟರಲ್ಲಿ ಮಗ ರವೀಶ ಎಳನೀರು ಕೆತ್ತಿ ತಂದ. ಈ ಮನೆಯಲ್ಲಿ ದೊಡ್ಡಮನೆಯವರಿಗೆ ಎಳನೀರೇ ಕೊಡುವುದು. ಮನೆಯ ಲೋಟ, ಮನೆಯ ನೀರು ಅವರ ತುಟಿಗೆ ಹೋಗುವುದಿಲ್ಲ. ಇದು ಯಾರೂ ಮಾಡಿದ ನಿಯಮವಲ್ಲ, ಯಾರೂ ಮುರಿಯುವುದೂ ಇಲ್ಲ. ಲೋಟದಲ್ಲಿ ನೀರು ಕೊಡಿ ಸಾಕು ಅನ್ನಬೇಕೆಂದು ಅವನ ನಾಲಿಗೆಯ ತುದಿಯವರೆಗೆ ಬಂತು. ಕೇಳಿದರೆ ಅವರಿಗೆ ಮುಜುಗರವಾದೀತು ಎಂದು ತನಗೆ ತಾನೇ ಹೇಳಿಕೊಂಡು ಎಳನೀರನ್ನೇ ಕುಡಿದ. ಮುಜುಗರ ಯಾರಿಗೆ ಆಗುತ್ತಿತ್ತು ಎಂದು ಆಮೇಲೆ ಯೋಚಿಸಲು ಹೋಗಲಿಲ್ಲ.

"ಹೋದ ವರ್ಷ ಉಳುಮೆಗೆ ಏನು ಮಾಡಿದ್ರಿ?" ಎಂದು ಕೇಳಿದ. ಹಿಂದೆ ನಡೆದದ್ದನ್ನೇ ಕೇಳಿ, ಮುಂದೆ ಏನು ಮಾಡುತ್ತೀರಿ ಎಂದು ಕೇಳಬೇಡಿ; ಇದು ಎರಡನೇ ವಾರದ ಪಾಠ.

"ಏನೋ ಆಯ್ತು ಬುಡಿ ಮೇಷ್ಟ್ರೆ" ಎಂದ ರಂಗಯ್ಯ.

"ನಮ್ಮ ಟ್ರ್ಯಾಕ್ಟರೇ ಬಂದಿತ್ತಾ?"

"ಬಂದಿತ್ತು ಬುಡಿ. ವಸಿ ಹಿಂದೆ ಮುಂದೆ ಆಯ್ತು. ಅದ್ರಾಗೇನದೆ."

ವಸಿ ಹಿಂದೆ ಮುಂದೆ ಅಂದರೆ ಎಷ್ಟು, ಆಮೇಲೆ ಜೋಳ ಹುಟ್ಟಿತಾ ಇಲ್ಲವಾ ಎಂದು ಕೇಳಬೇಕಿತ್ತು. ಮೋಹನ್‌ಕುಮಾರನಿಗೆ ತನ್ನ ಯೋಚನೆ ಹೇಳುವ ಆತುರ. ಹೇಳಿದ. ಮೊದಲು ಹೇಳಿದವರಿಗೆ ಮೊದಲು. ದೊಡ್ಡಮನೆ ಚಿಕ್ಕಮನೆ ಅಂತಿಲ್ಲ. ಈ ಸಲ ಹದ ಬಂದ ಬೆಳಿಗ್ಗೆ ಮೊಟ್ಟಮೊದಲು ಟ್ರ್ಯಾಕ್ಟರ್ ಇಳಿಯುವುದು ನಿಮ್ಮ ಹೊಲಕ್ಕೆ, ನಾನೇ ಓಡಿಸಿಕೊಂಡು ಬರುತ್ತೇನೆ. ಹೇಳುತ್ತ ಹೇಳುತ್ತ ಅವನಿಗೇ ಖುಷಿಯಾಗಿ ಧ್ವನಿ ಏರಿತ್ತು, ತರಗತಿಯಲ್ಲಿ ಏರುತ್ತಿದ್ದ ಹಾಗೆ. ರಂಗಯ್ಯ ಎಲ್ಲದಕ್ಕೂ ತಲೆಯಾಡಿಸಿದ. "ಬೋ ಚೆನ್ನಾಗದೆ ಮೇಷ್ಟ್ರೆ. ಅಂಗೇ ಬರ್ಕಳಿ" ಅಂದ. ಮೋಹನ್‌ಕುಮಾರ್ ಅಲ್ಲೇ ಫೋನಿನಲ್ಲಿ ಅವನ ಹೆಸರು ಹಾಕಿಕೊಂಡ. ಅವತ್ತು ಮನೆಗೆ ಬಂದು ಆ ವಾರದ ಪರೀಕ್ಷೆಗೆ ಕೂತಾಗ ಒಂದು ಪ್ರಶ್ನೆ ಬಂತು: ನಿಮ್ಮ ಯೋಚನೆ ತುಂಬಾ ಚೆನ್ನಾಗಿದೆ ಎಂದು ಗಿರಾಕಿ ಹೇಳಿದರೆ ಅದರಿಂದ ಏನು ಸಾಬೀತಾಗುತ್ತದೆ? ಏನೂ ಇಲ್ಲ, ಜನ ಮಾತಾಡಿಸಿದವರ ಮನಸ್ಸು ನೋಯಿಸಲು ಬಯಸುವುದಿಲ್ಲ, ಎಂಬ ಉತ್ತರದ ಮೇಲೆ ಬೆರಳಿಟ್ಟ. ಹಸಿರು ಗುರುತು ಮೂಡಿತು. ಅದರ ಕೆಳಗಿನ ಜಾಗದಲ್ಲಿ, ನಿಮಗೆ ಸಿಕ್ಕ ಪುರಾವೆ ಏನು ಎಂದಿದ್ದಲ್ಲಿ, ಮೊದಲ ಗಿರಾಕಿ ಸಿಕ್ಕಿದ್ದಾನೆ, ತಾನೇ ಹೆಸರು ಬರೆಸಿದ್ದಾನೆ ಎಂದು ಬರೆದ. ಒಂದರ ಕೆಳಗೆ ಒಂದು ಬರೆದ ಆ ಎರಡು ಉತ್ತರಗಳ ನಡುವೆ ಏನಾದರೂ ಜಗಳವಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಉತ್ತರ ಇಂಗ್ಲಿಷಿನಲ್ಲಿತ್ತು, ರಂಗಯ್ಯ ಊರಿನಲ್ಲಿದ್ದ.

ಎದ್ದು ಹೊರಗೆ ಬಂದಾಗ ದೇವರಾಜು ಅಂಗಳದಲ್ಲಿ ಟ್ರ್ಯಾಕ್ಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕಲ್ಟಿವೇಟರಿನ ನಟ್ಟು ಬಿಗಿಯುತ್ತಿದ್ದ. ಪಂಚೆ ಎತ್ತಿ ಕಟ್ಟಿದ್ದ, ಮೊಣಕಾಲಿಗೆ ಗ್ರೀಸು ಮೆತ್ತಿತ್ತು. ಅಪ್ಪ ಹೋದಾಗ ಮೋಹನ್‌ಕುಮಾರ್ ಇನ್ನೂ ಓದುತ್ತಿದ್ದ. ಅವನ ಕಾಲೇಜು, ಹಾಸ್ಟೆಲು, ಮದುವೆ ಎಲ್ಲ ಈ ಗ್ರೀಸು ಮೆತ್ತಿದ ಕೈಯಲ್ಲೇ ನಡೆದದ್ದು. ಅಣ್ಣ ಯಾವತ್ತೂ ಅದನ್ನು ಎತ್ತಿ ಆಡಿದವನಲ್ಲ. ಒಮ್ಮೆಯಾದರೂ ಎತ್ತಿ ಆಡಿದ್ದರೆ ಜಗಳ ಮಾಡಿಯಾದರೂ ಹಗುರಾಗಬಹುದಿತ್ತು ಎಂದು ತಮ್ಮನಿಗೆ ಎಷ್ಟೋ ಸಲ ಅನ್ನಿಸಿದೆ.

"ಎದ್ಯಾ? ಬಾ, ಕಾಪಿ ಕುಡಿ" ಎಂದ ದೇವರಾಜು, ತಲೆಯೆತ್ತದೆ. "ಲೋ ಮೋಹನ, ಸಸಿ ಬಲಿತೋಗವೆ ಕಣ್ಲಾ. ನಾಳಿಕ್ಕೆ ನಾಟಿಗೆ ಆಳು ಏಳ್ಬುಟ್ಟಿದ್ದೀನಿ. ಹೊಗೆಸೊಪ್ಪಿನ ಹೊಲ ಒಂದ್ ಸುತ್ತು ಹೊಡ್ಕೊಟ್ಬುಡು. ನಂಗೆ ಸೊಂಟ ಇಡ್ಕಬುಟ್ಟದೆ."

"ರಂಗಯ್ಯಂಗೆ ಮೊದ್ಲು ಅಂತ ಹೇಳಿದ್ದೆ ಅಣ್ಣ. ನಿಂಗೂ ಹೇಳಿದ್ನಲ್ಲ."

"ಏಳಿದ್ದೆ, ಇಲ್ಲ ಅಂದ್ನಾ? ಹೋಗು, ಬ್ಯಾಡ ಅನ್ನಲ್ಲ. ನಮ್ದು ಮುಗಿಸ್ಕಂಡು ಹೋಗು."

"ಹದ ಹೊರಟೋಗುತ್ತೆ."

"ಎಲ್ಲೋಯ್ತದೆ, ನಾಳಿಕ್ಕೂ ಇರ್ತದೆ. ಯಾರು, ನಮ್ ರಂಗಯ್ಯ ತಾನೆ? ಅವ್ನೇನ್ ಅಂದ್ಕತಾನೆ ಬುಡ್ಲಾ. ಅವ್ನು ನಮ್ಮೋನೇ ಅಲ್ವಾ."

ದೇವರಾಜು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಎದ್ದು, ಕೀಲಿಕೈ ಇವನ ಕೈಗಿಟ್ಟ. ಕೀಲಿಕೈ ಕಿತ್ತುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ತಾನಾಗಿಯೇ ಕೊಟ್ಟ, ನಂಬಿ ಕೊಟ್ಟ. "ಆಯ್ತಣ್ಣ" ಅನ್ನುವುದು ಮೋಹನ್‌ಕುಮಾರನ ಬಾಯಿಂದ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗುವ ಮುಂಚೆಯೇ ಹೊರಬಿತ್ತು. ಕಾಪಿ ಕುಡಿಯುತ್ತ ಆ ಮಾತನ್ನು ಮೆಲುಕು ಹಾಕಿದ: ಅವನು ನಮ್ಮೋನೇ. ನಮ್ಮವನು, ಆದ್ದರಿಂದ ಕಾಯಿಸಬಹುದು. ಹೊರಗಿನವನಾಗಿದ್ದರೆ ಕಾಯಿಸುವಂತಿರಲಿಲ್ಲ. ಹಾಗೆ ನೋಡಿದರೆ ತಾನೂ ಈ ಮನೆಗೆ ನಮ್ಮವನೇ ಅಲ್ಲವೇ, ಎಂದುಕೊಂಡ. ಅವ್ವ ರೊಟ್ಟಿ ಹಾಕಿ ಕೊಟ್ಟಳು, ತಿಂದ.

ಟ್ರ್ಯಾಕ್ಟರ್ ಹತ್ತಿ ಹೊರಟ ಮೇಲೂ ಎಲ್ಲ ಮುಗಿದುಹೋಗಿರಲಿಲ್ಲ. ಹಾಲಿನ ಡೈರಿಯ ಮುಂದೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಕೆಳಗೇರಿ, ಅದರಾಚೆ ರಂಗಯ್ಯನ ಹೊಲ. ಎಡಕ್ಕೆ ಹೋದರೆ ತಮ್ಮದು. ಅಲ್ಲಿಯವರೆಗೆ ಹೋಗುವಾಗ ಅವನ ತಲೆಯಲ್ಲಿ ಒಂದು ಧೈರ್ಯ ಬೆಳೆಯುತ್ತಿತ್ತು. ಬಲಕ್ಕೆ ತಿರುಗಿಸಿಬಿಡುವುದು. ಮಧ್ಯಾಹ್ನದೊಳಗೆ ರಂಗಯ್ಯನದನ್ನು ಮುಗಿಸಿ ತಮ್ಮದಕ್ಕೆ ಹೋದರೆ ಸಂಜೆಯೊಳಗೆ ಅದೂ ಮುಗಿಯುತ್ತದೆ. ಅಣ್ಣ ಕೇಳಿದರೆ, ಮಾತು ಕೊಟ್ಟಿದ್ದೆ ಅನ್ನುವುದು. ಇಷ್ಟೇ ತಾನೆ. ಡೈರಿಯ ಮುಂದೆ ಹಾಲು ಹಾಕಲು ಬಂದವರು ಕ್ಯಾನು ಹಿಡಿದುಕೊಂಡು ನಿಂತಿದ್ದರು. "ಏನ್ ಮೇಷ್ಟ್ರೇ, ಹೊಗೆಸೊಪ್ಪಿನ ಹೊಲಕ್ಕಾ?" ಎಂದು ಒಬ್ಬ ಕೂಗಿದ. ಹೂಂ ಎಂದು ಕೈಯೆತ್ತಿದ. ಹೂಂ ಅಂದಮೇಲೆ ಅಷ್ಟು ಜನರ ಎದುರಿಗೆ ಬಲಕ್ಕೆ ತಿರುಗಿಸುವುದು ಹೇಗೆ? ಎಡಕ್ಕೆ ತಿರುಗಿತು. ಕೈ ತಾನಾಗಿ ತಿರುಗಿತು ಎಂದು ಆಮೇಲೆ ಅಂದುಕೊಂಡ, ಆದರೆ ಅದು ಸುಳ್ಳು. ಅದು ಹಳೇ ಟ್ರ್ಯಾಕ್ಟರು, ಕೈ ತಾನಾಗಿ ತಿರುಗುವುದಿಲ್ಲ. ಎರಡೂ ತೋಳಿನಿಂದ ಎಳೆದು, ಸೀಟಿನಿಂದ ಅರ್ಧ ಎದ್ದು, ಮೈಯ ಬಲವೆಲ್ಲ ಹಾಕಿ ತಿರುಗಿಸಬೇಕು. ಅಷ್ಟೂ ಮಾಡಿ ತಿರುಗಿಸಿದ್ದ.

ಹೊಲದ ಹದ ಹೇಳಿ ಮಾಡಿಸಿದಂತಿತ್ತು. ಕಲ್ಟಿವೇಟರಿನ ಹಲ್ಲುಗಳು ಇಳಿದ ಕಡೆಯೆಲ್ಲ ಕೆಂಪು ಮಣ್ಣು ಪುಡಿಪುಡಿಯಾಗಿ ಮಗುಚಿ ಬೀಳುತ್ತಿತ್ತು, ಅದರ ವಾಸನೆಗೆ ಎಂಥವನಿಗೂ ಖುಷಿಯಾಗಬೇಕು. ಹಿಂದೆ ಬೆಳ್ಳಕ್ಕಿಗಳು ಹುಳು ಹೆಕ್ಕುತ್ತ ಬರುತ್ತಿದ್ದವು. ಖುಷಿಯಾಯಿತು ಕೂಡ, ಅದನ್ನು ಅವನು ತನ್ನಿಂದಲೇ ಮುಚ್ಚಿಡಲು ನೋಡಿದ. ಒಂದೊಂದು ಸುತ್ತಿಗೂ ಇಷ್ಟೊತ್ತಿಗೆ ರಂಗಯ್ಯ ಏನು ಮಾಡುತ್ತಿರಬಹುದು ಎಂಬ ಚಿತ್ರ ಬರುತ್ತಿತ್ತು. ಬದುವಿನ ಮೇಲೆ ಕೂತು ಬೀಡಿ ಹಚ್ಚಿರುತ್ತಾನೆ. ಬಿತ್ತನೆ ಜೋಳ ಚೀಲದಲ್ಲಿ ಪಕ್ಕದಲ್ಲೇ ಇರುತ್ತದೆ. ದಾರಿಯ ಕಡೆ ಕಿವಿ ಇಟ್ಟಿರುತ್ತಾನೆ. ಬೆಳ್ಳಮ್ಮ ಬುತ್ತಿ ತಂದಿರುತ್ತಾಳೆ, ಇನ್ನೂ ಬರಲಿಲ್ವಾ ಅಂದಿರುತ್ತಾಳೆ. ಫೋನು ಅಂಗಿಯ ಜೇಬಿನಲ್ಲಿತ್ತು. ಎಂಜಿನ್ನಿನ ಅದುರಿಗೆ ಅದು ಬಡಿದುಕೊಂಡಂತಾಗಿ ಮತ್ತೆ ಮತ್ತೆ ತೆಗೆದು ನೋಡಿದ, ರಂಗಯ್ಯನದಲ್ಲ. ಒಂದು ಸಲ ಕೋರ್ಸಿನವರದು ಬಂದಿತ್ತು: ಕೊನೆಯ ಅಸೈನ್‌ಮೆಂಟ್ ಬಾಕಿ ಇದೆ, ನಿಮ್ಮ ಮೊದಲ ಗಿರಾಕಿಯಿಂದ ನೀವು ಕಲಿತದ್ದು ಏನು? ರಂಗಯ್ಯ ಯಾಕೆ ಫೋನು ಮಾಡುತ್ತಿಲ್ಲ? ಬೇರೆ ಯಾರಾದರೂ ಆಗಿದ್ದರೆ ಇಷ್ಟೊತ್ತಿಗೆ ಬೈದು ಬಡಿದಾಡುತ್ತಿದ್ದರು. ಅವನು ನಂಬಿದ್ದಾನೆ, ಅದಕ್ಕೇ ಸುಮ್ಮನಿದ್ದಾನೆ. ಹೀಗೆ ಅಂದುಕೊಂಡಾಗ ತಪ್ಪಿನ ಭಾರ ಇನ್ನೂ ಹೆಚ್ಚಿತು. ಆದರೆ ಅದರೊಳಗೆ ಒಂದು ಸಣ್ಣ ಹೆಮ್ಮೆಯೂ ಇತ್ತು. ಈ ಊರಲ್ಲಿ ತನ್ನ ಮಾತನ್ನೂ ನಂಬಿ ಕಾಯುವವನು ಒಬ್ಬನಿದ್ದಾನೆ.

ದಾರಿ ಬದಲಿಸುವುದು ಸೋಲಲ್ಲ, ಎಂದು ಹುಡುಗಿ ಮೂರನೇ ವಾರದಲ್ಲಿ ಹೇಳಿದ್ದಳು. ಗುರಿ ಬಿಡದೆ ದಿಕ್ಕು ತಿರುಗಿಸುವುದನ್ನು ಪಿವಟ್ ಅನ್ನುತ್ತಾರೆ, ದೊಡ್ಡ ದೊಡ್ಡ ಕಂಪನಿಗಳೆಲ್ಲ ಮಾಡಿವೆ. ಡೈರಿಯ ಮುಂದೆ ಎಡಕ್ಕೆ ತಿರುಗಿದ್ದನ್ನು ಹಾಗೆ ಕರೆದು ನೋಡಿದ. ಕರೆದ ಕೂಡಲೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಮಧ್ಯಾಹ್ನ ಅನುಶ್ರೀ ಫೋನು ಮಾಡಿದಳು, ಊಟದ ಬಿಡುವಿನಲ್ಲಿ.

"ಮುಗೀತಾ ರಂಗಯ್ಯಂದು?"

"ಆಗ್ತಾ ಇದೆ" ಎಂದ.

"ಗಾಡಿ ಸದ್ದು ಕೇಳುಸ್ತಾ ಇದೆ. ಚೆನ್ನಾಗಿ ಬರ್ತಾ ಇದ್ಯಾ?"

"ಚೆನ್ನಾಗಿ ಬರ್ತಾ ಇದೆ."

"ನೋಡಿ, ನಾನು ಹೇಳಿರ್ಲಿಲ್ವಾ, ನಿಮ್ ಕೈಲಿ ಆಗುತ್ತೆ ಅಂತ" ಎಂದಳು. ಅವಳ ಸ್ವರದಲ್ಲಿ ಬಹಳ ದಿನದಿಂದ ಇಲ್ಲದ ಒಂದು ಗೆಲುವು ಇತ್ತು. ಲ್ಯಾಬಿನ ಗೆಳತಿಯರಿಗೂ ಅವಳು ಹೇಳಿರಬೇಕು. ಫೋನು ಇಟ್ಟ ಮೇಲೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ಇಪ್ಪತ್ತು ವರ್ಷದ ಹುಡುಗನಾಗಿದ್ದರೆ ಅಳುತ್ತಿದ್ದ. ಅಷ್ಟರಲ್ಲಿ ದೇವರಾಜು ಬುತ್ತಿ ಹಿಡಿದು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಬದುವಿನ ಮೇಲೆ ಬರುವುದು ಕಾಣಿಸಿತು. ಉತ್ತ ಮಣ್ಣನ್ನು ಕಾಲಿನಿಂದ ಕೆದಕಿ ನೋಡಿ, "ಪರ್ವಾಗಿಲ್ಲ ಕಣ್ಲಾ, ಮೇಷ್ಟ್ರ ಕೈನಲ್ಲೂ ಉಳುಮೆ ಅದೆ" ಎಂದು ನಕ್ಕ. ಅಣ್ಣ ಹೊಗಳಿದ್ದಕ್ಕೆ ತಮ್ಮನಿಗೆ ಸಂತೋಷವಾಯಿತು. ಊಟ ಮುಗಿಸಿದ ಮೇಲೆ ದೇವರಾಜು ಕೈತೊಳೆಯುತ್ತ, "ಇಷ್ಟಾಯ್ತಲ್ಲ, ಮ್ಯಾಗ್ಲ ತುಂಡೂ ಒಂದ್ಸಲ ಎಳ್ದ್ಬುಡು, ಅಂಗೇ ಬುಟ್ರೆ ಚೆನ್ನಾಗಿರಲ್ಲ" ಎಂದ. "ಆಯ್ತಣ್ಣ" ಎಂದ ಮೋಹನ್‌ಕುಮಾರ್. ಇದು ಬೆಳಗಿನದಕ್ಕಿಂತ ಸುಲಭವಾಗಿ ಬಂತು.

ಎಲ್ಲ ಮುಗಿದಾಗ ಹೊತ್ತು ಇಳಿಯುತ್ತಿತ್ತು. ಈಗ ರಂಗಯ್ಯನ ಹೊಲಕ್ಕೆ ಹೋಗಿ ಏನು ಮಾಡುವುದು, ಬೆಳಗಿನಿಂದ ಬಿಸಿಲು ಕಾದಿದೆ, ಮೇಲ್ಮಣ್ಣು ಆಗಲೇ ಬಿರುಸಾಗಿರುತ್ತದೆ. ಆದರೂ ಹೋಗಬೇಕು. ಲೈಟು ಹಾಕಿಕೊಂಡಾದರೂ ಉಳಬೇಕು. ಕಾಲು ಹಿಡಿದರೂ ಸರಿ, ತಪ್ಪಾಯಿತು ಅನ್ನಬೇಕು. ಡೈರಿಯನ್ನು ದಾಟುವಾಗ ಅಲ್ಲಿ ಯಾರೂ ಇರಲಿಲ್ಲ. ಕೆಳಗೇರಿ ದಾಟಿ ಏರು ಹತ್ತುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದ. ಅಣ್ಣನಿಗೆ ಸೊಂಟ ನೋವು ಅನ್ನಬಾರದು, ಅದು ನೆಪ. ಸಸಿ ಬಲಿತಿದ್ದವು ಅನ್ನಬಾರದು. ನಾನೇ ತಿರುಗಿಸಿದೆ, ನನಗೆ ಧೈರ್ಯವಾಗಲಿಲ್ಲ ಅನ್ನಬೇಕು. ಇಷ್ಟು ನೇರವಾಗಿ ತನ್ನ ಬಗ್ಗೆ ತಾನು ಯಾವತ್ತೂ ಯೋಚಿಸಿರಲಿಲ್ಲ. ಆ ನೇರವೇ ಅವನಿಗೆ ಒಂದು ತರಹ ಸಮಾಧಾನ ತಂದಿತು. ಏರಿನ ತಲೆಯ ಮೇಲೆ ಬಂದಾಗ ಹೊಲ ಕಾಣಿಸಿತು.

ಹೊಲ ಉತ್ತಾಗಿತ್ತು. ಉತ್ತು, ಬಿತ್ತಿ, ಹಲುಬೆ ಹೊಡೆದು ಮಟ್ಟ ಮಾಡಿಯೂ ಆಗಿತ್ತು. ಮೂಲೆಯಲ್ಲಿ ಟ್ರ್ಯಾಕ್ಟರ್ ಹೊರಳಿಕೊಂಡ ಗಾಲಿಯ ಗುರುತು ಒಣಗುತ್ತಿತ್ತು. ಗಾಲಿಯ ಅಚ್ಚು ತಮ್ಮ ಗಾಡಿಯದಲ್ಲ. ಮೋಹನ್‌ಕುಮಾರ್ ಎಂಜಿನ್ ಆರಿಸಿದ. ಬದುವಿನ ಪಕ್ಕದ ಗುಂಡಿಯಲ್ಲಿ ನಿಂತಿದ್ದ ಮಳೆನೀರಿನಲ್ಲಿ ರಂಗಯ್ಯ ಕೈಕಾಲು ತೊಳೆಯುತ್ತಿದ್ದ. ಬೆಳ್ಳಮ್ಮ ಖಾಲಿ ಚೀಲ ಕೊಡವಿ ಮಡಿಸುತ್ತಿದ್ದಳು. ಇಬ್ಬರೂ ಇವನನ್ನು ನೋಡಿ ಒಮ್ಮೆಗೇ ನೆಟ್ಟಗೆ ನಿಂತರು.

"ಬನ್ನಿ ಮೇಷ್ಟ್ರೆ" ಎಂದ ರಂಗಯ್ಯ. "ನೀವ್ಯಾಕೆ ಬರಕೋದ್ರಿ, ದಣ್ಕಂಡಿರ್ತೀರಿ."

"ಯಾರ ಟ್ರ್ಯಾಕ್ಟರು?"

"ಅದೇ, ಆಚೆ ಊರ್ನೋರ್ದು. ಬೆಳಗಾಗ್ತಿದ್ದಂಗೆ ಬಂದ್ರು, ಹೊಡ್ದ್ಬುಟ್ಟು ಹೋದ್ರು."

ಬೆಳಗಾಗುತ್ತಿದ್ದಂತೆ ಎಂದರೆ ತಾನಿನ್ನೂ ಹಾಸಿಗೆಯಲ್ಲಿ ಮಳೆಯ ಸದ್ದಿಗೆ ಕಿವಿಗೊಟ್ಟಿದ್ದಾಗ. "ನಾನು ಬರಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. ಧ್ವನಿ ತಗ್ಗಿಹೋಗಿತ್ತು. ರಂಗಯ್ಯ ಹೆಂಡತಿಯ ಕಡೆ ನೋಡಿ, ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳತೊಡಗಿದ. ಉತ್ತರ ಹೇಳಿದವಳು ಬೆಳ್ಳಮ್ಮ, ಅದೂ ಅವನನ್ನು ಸಮಾಧಾನ ಮಾಡುವವಳ ಹಾಗೆ.

"ಗೊತ್ತಾಗಾದೇನು ಬಂತಪ್ಪ. ನೀವು ಬಂದು ಬರ್ಕಂಡ್ ಹೋದ್ರಲ್ಲ, ಅವತ್ತೇ ಸಂಜೇಲಿ ನಮ್ ರವೀಶ ಅವ್ರಿಗೆ ಫೋನ್ ಮಾಡಿ ಏಳ್ಬುಟ್ಟಿದ್ದ, ಮಳೆ ಬುಟ್ಟ ಕೂಡ್ಲೆ ಬಂದ್ಬುಡಿ ಅಂತ. ನಂಗೆ ಇವತ್ತು ಬೆಳಗಿಂದ ಕೈಕಾಲೇ ಆಡಿಲ್ಲ ಕಣಪ್ಪ. ನೀವೆಲ್ಲಿ ಬಂದ್ಬುಡ್ತೀರೋ, ಅವ್ರ ಗಾಡಿ ಒಲದಲ್ಲಿರುವಾಗ ನೀವು ನಿಮ್ ಗಾಡಿ ತಂದು ನಿಲ್ಸ್ಬುಟ್ರೆ ನಿಮ್ಗೆ ಎಂಗೆ ಮಕ ತೋರ್ಸಾದು ಅಂತ. ದಾರಿ ನೋಡಿ ನೋಡಿ ಸಾಕಾಯ್ತು. ಸದ್ಯ, ದೇವ್ರು ದೊಡ್ಡೋನು, ನೀವು ಬರ್ಲಿಲ್ಲ."

ಅವನು ಟ್ರ್ಯಾಕ್ಟರಿನಿಂದ ಇಳಿದಿರಲಿಲ್ಲ. ದಾರಿ ನೋಡುತ್ತಿದ್ದರು, ಅಷ್ಟು ಮಾತ್ರ ನಿಜವಾಗಿತ್ತು. ಬೆಳಗಿನಿಂದ ಒಂದೊಂದು ಸುತ್ತಿಗೂ ಅವನು ಕಂಡ ಆ ಬೆಳ್ಳಮ್ಮ, ಬುತ್ತಿ ಇಟ್ಟುಕೊಂಡು ದಾರಿ ನೋಡುವವಳು, ಅವನು ಬಾರದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದಳು. ತಾನು ಮಾತು ಉಳಿಸಿಕೊಂಡುಬಿಟ್ಟರೆ ಎಂಬುದೇ ಇವತ್ತು ಇವರಿಗಿದ್ದ ಹೆದರಿಕೆ. ತಪ್ಪಾಯಿತು ಅನ್ನಲು ಬಂದಿದ್ದ. ಆ ಮಾತು ಇಲ್ಲಿ ಯಾರಿಗೂ ಬೇಕಾಗಿಲ್ಲ. ಇವರಿಗೆ ತನ್ನಿಂದ ನಷ್ಟವಾಗಿದ್ದರೆ, ಇವರು ಬೈದಿದ್ದರೆ, ಅದನ್ನು ಹೊತ್ತುಕೊಂಡು ಹೋಗಿ ಬದುಕಬಹುದಿತ್ತು. ಏನೂ ಆಗಿಲ್ಲ. ತನ್ನಿಂದ ಏನೂ ಆಗದಂತೆ ಇವರು ಮೊದಲೇ ನೋಡಿಕೊಂಡಿದ್ದಾರೆ, ಮಳೆ ಬಂದರೆ ನೆನೆಯದಂತೆ ಸೌದೆಯನ್ನು ಒಳಗಿಡುವ ಹಾಗೆ.

"ಮತ್ತೆ ಅವತ್ತು ಯಾಕೆ ಹೂಂ ಅಂದೆ ರಂಗಯ್ಯ?"

"ನೀವು ಮನೆಗಂಟ ಬಂದು, ಕುರ್ಚಿ ಮ್ಯಾಲೆ ಕೂತ್ಕಂಡು, ಅಷ್ಟು ಚೆಂದಾಗಿ ಏಳ್ತಿದ್ರಿ" ಎಂದ ರಂಗಯ್ಯ. ಅವನ ಮುಖದಲ್ಲಿ ಕುಹಕವಿರಲಿಲ್ಲ, ಅದನ್ನು ಮೋಹನ್‌ಕುಮಾರ್ ಹುಡುಕಿ ನೋಡಿದ. "ಕೆಲ್ಸ ಹೋದ್ಮ್ಯಾಲೆ ನೀವು ಅಂಗೆ ನಗ್ತಾ ಮಾತಾಡಿದ್ದು ನಾನು ನೋಡೇ ಇರ್ಲಿಲ್ಲ. ಎಂಗೆ ಇಲ್ಲ ಅನ್ನಾದು?"

ಇದನ್ನು ಕೇಳುವುದಕ್ಕಿಂತ ಬೈಗುಳ ಎಷ್ಟೋ ವಾಸಿಯಾಗಿತ್ತು. ಮೋಹನ್‌ಕುಮಾರ್ ಸ್ಟೀರಿಂಗು ಹಿಡಿದುಕೊಂಡೇ ಇದ್ದ. ಉಳುಮೆಗೆ ಅಂಗೈಯಲ್ಲಿ ಎದ್ದ ಬೊಬ್ಬೆ ಈಗ ಉರಿಯುತ್ತಿತ್ತು. ಅವನ ಮುಖ ನೋಡಿ ರಂಗಯ್ಯನಿಗೆ ಏನನ್ನಿಸಿತೋ, ಹತ್ತಿರ ಬಂದು ಮಡ್‌ಗಾರ್ಡಿನ ಮೇಲೆ ಕೈಯಿಟ್ಟ.

"ಬೇಜಾರ್ ಮಾಡ್ಕಬ್ಯಾಡಿ. ಈ ಸಲ ಅಂಗಾಯ್ತು. ಮುಂದ್ಲ ಸಲಕ್ಕೂ ನಮ್ಮೆಸ್ರೇ ಮೊದ್ಲು ಬರ್ಕಳಿ ಮೇಷ್ಟ್ರೆ. ನೀವು ಬಂದೇ ಬತ್ತೀರ, ನಂಗೊತ್ತು."

"ಬೇಡ" ಎಂದ ಮೋಹನ್‌ಕುಮಾರ್. ತನ್ನ ಧ್ವನಿ ತನಗೇ ಗುರುತು ಹತ್ತಲಿಲ್ಲ. "ಬರ್ಕಳಲ್ಲ ರಂಗಯ್ಯ. ನೀನು ನಂಗೆ ಒಂದೇ ಒಂದ್ಸಲ ಇಲ್ಲ ಅನ್ನು. ನಿಮ್ಮ ಟ್ರ್ಯಾಕ್ಟರ್ ಬೇಡ, ನಿಮ್ಮ ಮಾತು ನಂಬಲ್ಲ ಅನ್ನು. ನನ್ನ ಮುಖ ನೋಡಿ ಅನ್ನು. ನಾನು ಬೇಜಾರು ಮಾಡ್ಕಳಲ್ಲ. ದಮ್ಮಯ್ಯ ಅಂತೀನಿ."

ಬೆಳ್ಳಮ್ಮ ಮಡಿಸುತ್ತಿದ್ದ ಚೀಲವನ್ನು ಹಾಗೇ ಹಿಡಿದು ನಿಂತಳು. ರಂಗಯ್ಯ ಮಡ್‌ಗಾರ್ಡಿನ ಮೇಲಿಂದ ಕೈ ತೆಗೆದ. ದೊಡ್ಡಮನೆಯ ಚಿಕ್ಕ ಮಗ ಹೀಗೆ ದೊಡ್ಡ ಗಾಡಿಯ ಮೇಲೆ ಕೂತು ತನ್ನನ್ನು ಬೇಡಿಕೊಳ್ಳುತ್ತಿರುವುದನ್ನು ನೋಡಲಾರದೆ ಅವನು ನೆಲ ನೋಡಿದ, ಹೊಲ ನೋಡಿದ, ಹೆಂಡತಿಯನ್ನು ನೋಡಿದ. ಮೇಷ್ಟ್ರ ಮನಸ್ಸಿಗೆ ನೋವಾಗದ ಹಾಗೆ ಏನು ಹೇಳುವುದೆಂದು ಅವನು ಹುಡುಕುತ್ತಿರುವುದು ಮೋಹನ್‌ಕುಮಾರನಿಗೆ ಕಾಣುತ್ತಿತ್ತು.

"ಆಯ್ತು ಬುಡಿ ಮೇಷ್ಟ್ರೆ" ಎಂದ ರಂಗಯ್ಯ. "ನೀವೆಂಗೇಳಿದ್ರೆ ಅಂಗೆ."